‘ಪೆಡಿಗ್ರಿ’ಯೊಳಗಿನ ಹಕ್ಕಿಕಾಲು

ಪೆಡಿಗ್ರಿ, ಅಂದರೆ ವಂಶಾವಳಿಯ ದಾಖಲೆ, ಇರುವ ನಾಯಿ ಎಂದರೆ ಶುದ್ಧ ರಕ್ತದ, ಗಟ್ಟಿಮುಟ್ಟಾದ ನಾಯಿ ಎಂದು ನಂಬಿದವರೇ ಹೆಚ್ಚು. ಆ ಪದದಲ್ಲಿ ಶುದ್ಧಿಯೂ ಇಲ್ಲ, ಆರೋಗ್ಯವೂ ಇಲ್ಲ. ಇರುವುದು ಒಂದು ಹಕ್ಕಿಯ ಕಾಲು.

ಹಳೆಯ ಫ್ರೆಂಚಿನಲ್ಲಿ ‘ಪಿಯೆ ದ ಗ್ರೂ’ ಎಂದರೆ ಕ್ರೇನ್ ಹಕ್ಕಿಯ ಪಾದ. ನಮ್ಮ ಸಾರಸ ಅದರದೇ ಬಳಗ. ವಂಶಾವಳಿ ಬರೆಯುವಾಗ ಹಿರಿಯರ ಹೆಸರಿನಿಂದ ಮಕ್ಕಳ ಹೆಸರುಗಳಿಗೆ ಮೂರು ಕವಲಿನ ಗೆರೆ ಎಳೆಯುತ್ತಿದ್ದರು. ಕೆಸರಿನಲ್ಲಿ ಮೂಡಿದ ಸಾರಸದ ಹೆಜ್ಜೆ ಥೇಟ್ ಹಾಗೆಯೇ. ಬಕದ ಹೆಜ್ಜೆಯಾಗಿದ್ದರೆ ಹೋಲಿಕೆ ಕೂಡುತ್ತಿರಲಿಲ್ಲ: ಬಕದ ಹಿಂಬೆರಳು ಉದ್ದ, ನೆಲಕ್ಕೆ ಊರುತ್ತದೆ, ನಾಲ್ಕೂ ಬೆರಳು ಅಚ್ಚಾಗುತ್ತವೆ. ಸಾರಸದ ಹಿಂಬೆರಳು ಗಿಡ್ಡ, ನೆಲದಿಂದ ಮೇಲಿರುತ್ತದೆ; ಅಚ್ಚಾಗುವುದು ಮುಂದಿನ ಮೂರೇ. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ ‘ಡಿಗ್ರಿ’ಯ ಸೆಳೆತಕ್ಕೆ ಸಿಕ್ಕಿ ಈಗಿನ ರೂಪ ಪಡೆಯಿತು. ನಮ್ಮ ‘ವಂಶ’ಕ್ಕೆ ಸಂಸ್ಕೃತದಲ್ಲಿ ಬಿದಿರು ಎಂಬ ಅರ್ಥವೂ ಇದೆ: ಗಿಣ್ಣಿನ ಮೇಲೆ ಗಿಣ್ಣು, ಒಂದೇ ನೇರ.

ಎರಡೂ ಚೆಂದದ ಚಿತ್ರಗಳೇ, ಆದರೆ ಎರಡರಲ್ಲೂ ಒಂದು ಕೊರತೆ. ಚಾಚಿದ ಬೆರಳುಗಳು ಮತ್ತೆ ಕೂಡುವುದಿಲ್ಲ. ವಂಶದ ಗೆರೆಗಳು ಕೂಡುತ್ತವೆ. ತಳಿವಿಜ್ಞಾನದ ಪೆಡಿಗ್ರಿ ನಕ್ಷೆಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದಂಪತಿಯ ನಡುವೆ ಒಂದು ಗೆರೆ. ಅವರು ರಕ್ತಸಂಬಂಧಿಗಳಾದರೆ ಜೋಡಿಗೆರೆ.

ಅಕ್ಕನ ಮಗಳನ್ನು ಸೋದರಮಾವ ಮದುವೆಯಾದರೆ ಲೆಕ್ಕ ಹೀಗೆ. ಸೊಸೆಯಿಂದ ಹೊರಟು ಅವಳ ತಾಯಿ, ಅಜ್ಜ, ಅಲ್ಲಿಂದ ಕೆಳಗಿಳಿದು ಮಾವ: ನಾಲ್ಕು ಜನ. ಅರ್ಧವನ್ನು ನಾಲ್ಕು ಬಾರಿ ಗುಣಿಸಿದರೆ 1/16. ಅಜ್ಜಿಯ ದಾರಿಯಲ್ಲೂ ಅಷ್ಟೇ, ಒಟ್ಟು 1/8. ಹುಟ್ಟುವ ಮಗುವಿನ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಹಿರಿಯರ ಒಂದೇ ಪ್ರತಿಯಿಂದ ಬಂದಿರುವ ಸಂಭವ ಇದು. ಸೋದರತ್ತೆಯ ಮಗಳಾದರೆ 1/16. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ 1/4. ‘ಪೆಡಿಗ್ರಿ ಶುದ್ಧ’ವಾದಷ್ಟೂ, ಒಂದೇ ಪ್ರತಿಯಲ್ಲಿದ್ದಾಗ ಅಡಗಿದ್ದು ಎರಡರಲ್ಲೂ ಇದ್ದಾಗ ಕಾಣಿಸುವ ದೋಷ ಮೇಲೇಳುವುದು ಇದೇ ದಾರಿಯಲ್ಲಿ.

‘ಗೋತ್ರ ಬೇರೆ, ತೊಂದರೆಯಿಲ್ಲ’ ಎನ್ನುವ ಸಮಾಧಾನ ಇಲ್ಲಿ ನಿಲ್ಲದು. ಗೋತ್ರ ತಂದೆಯ ಗೆರೆಯೊಂದನ್ನೇ ಹಿಡಿದು ನಡೆಯುತ್ತದೆ. ಜೀನುಗಳು ತಾಯಿಯಿಂದಲೂ ಅರ್ಧ ಬರುತ್ತವೆ. ಆದ್ದರಿಂದ ವೈದ್ಯರು ನಕ್ಷೆ ಬರೆಯುವಾಗ ಎರಡೂ ಕಡೆಯ ಕನಿಷ್ಠ ಮೂರು ತಲೆಮಾರು ಹೇಳಿ. ಮನೆಯವರು ಬಿಟ್ಟುಬಿಡುವುದು ಹಸುಗೂಸಾಗಿಯೇ ತೀರಿಕೊಂಡ ಮಕ್ಕಳನ್ನು. ನಕ್ಷೆಯಲ್ಲಿ ಅವರಿಗೂ ಜಾಗವಿದೆ, ಚೌಕ ಅಥವಾ ವೃತ್ತದ ಮೇಲೊಂದು ಓರೆಗೆರೆ. ಎಷ್ಟೋ ಸಲ ಕಾಯಿಲೆಯ ಸುಳಿವು ಸಿಗುವುದು ಅವರಲ್ಲೇ.