20 ಮಿಲಿಸೆಕೆಂಡಿನ ಲೆಕ್ಕ: ಮೊದಲ ವಿಆರ್ ಹೆಡ್‌ಸೆಟ್‌ಗಳು ಎಲ್ಲಿ ಗೆದ್ದವು, ಎಲ್ಲಿ ಎಡವಿದವು

ಘಾಟಿಯ ತಿರುವುಗಳಲ್ಲಿ ಬಸ್ಸು ಓಲಾಡುವಾಗ ಪುಸ್ತಕ ಓದಲು ಕೂತರೆ ಹೊಟ್ಟೆ ತೊಳಸುತ್ತದೆ. ದೇಹ ಅಲುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಪುಟದ ಮೇಲೆ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿನ ಮುಂದೆ ಪರದೆ ಕಟ್ಟಿ ಕೃತಕ ಜಗತ್ತನ್ನು ತೋರಿಸುವ ಸಾಧನ, ಹಾಕಿದಾಗ ಆಗುವುದು ಇದರ ತಿರುಗುಮುರುಗು: ಕಣ್ಣಿನ ಮುಂದೆ ಜಗತ್ತು ಓಡುತ್ತದೆ, ದೇಹ ಮಾತ್ರ ಕುರ್ಚಿಯಲ್ಲೇ ಇರುತ್ತದೆ. 2012ರಿಂದ 2016ರವರೆಗೆ ಮನೆಬಳಕೆಗೆಂದು ರೂಪುಗೊಂಡ ಹೆಡ್‌ಸೆಟ್‌ಗಳ ಬಲವನ್ನೂ ಮಿತಿಯನ್ನೂ ತೂಗಬೇಕಾದದ್ದು ಈ ತಕ್ಕಡಿಯಲ್ಲೇ. ಚಿತ್ರ ಎಷ್ಟು ಚೆಂದ ಎಂಬುದು ಆಮೇಲಿನ ಮಾತು.

2012ರ ಆಗಸ್ಟ್‌ನಲ್ಲಿ ಪಾಮರ್ ಲಕಿ ಅವರ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್, ಹೊಸ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 2,50,000 ಡಾಲರ್ ಕೇಳಿ ಸುಮಾರು 24 ಲಕ್ಷ ಡಾಲರ್ ಸಂಗ್ರಹಿಸಿತು. ಮರುವರ್ಷ ಡೆವಲಪರ್‌ಗಳ ಕೈಸೇರಿದ ಡಿಕೆ1 (ರಿಫ್ಟ್‌ನ ಮೊದಲ ಡೆವಲಪ್‌ಮೆಂಟ್ ಕಿಟ್) ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. 7 ಇಂಚಿನ ಒಂದು ಎಲ್‌ಸಿಡಿ ಪರದೆ, ಅದರ ಮುಂದೆ ಭೂತಗನ್ನಡಿಯಂಥ ಎರಡು ಲೆನ್ಸ್, ತಲೆಯ ಚಲನೆಯನ್ನು ಸೆಕೆಂಡಿಗೆ 1000 ಸಲ ಅಳೆಯುವ ಪುಟ್ಟ ಸೆನ್ಸರ್ ಬೋರ್ಡ್. ಇವೆಲ್ಲ ಅಗ್ಗವಾದದ್ದು ಸ್ಮಾರ್ಟ್‌ಫೋನ್‌ಗಳ ದೆಸೆಯಿಂದ. ಅಗಲವಾಗಿ ಕಾಣಿಸುವ ಲೆನ್ಸ್ ಚಿತ್ರದ ಅಂಚುಗಳನ್ನು ಹೊರಕ್ಕೆ ಎಳೆಯುತ್ತದೆ. ಹಾಗಾಗಿ ಕಂಪ್ಯೂಟರ್ ಮೊದಲೇ ಚಿತ್ರವನ್ನು ಪೀಪಾಯಿಯಂತೆ ಉಬ್ಬಿಸಿ ಕಳುಹಿಸುತ್ತದೆ, ಲೆನ್ಸ್ ಅದನ್ನು ನೇರ ಮಾಡುತ್ತದೆ. ದುಬಾರಿ ಗಾಜು ಮಾಡಬೇಕಿದ್ದ ಕೆಲಸವನ್ನು ಸಾಫ್ಟ್‌ವೇರ್ ಮಾಡಿತು. 1995ರ ನಿಂಟೆಂಡೊ ವರ್ಚುವಲ್ ಬಾಯ್‌ನಲ್ಲಿ ಕೆಂಪು ಚಿತ್ರವೊಂದೇ ಇತ್ತು, ಅದೂ ಸ್ಟ್ಯಾಂಡಿನ ಮೇಲೆ ಕೂತಿತ್ತು. ತಲೆ ತಿರುಗಿಸಿದರೆ ನೋಟ ಬದಲಾಗುತ್ತಿರಲಿಲ್ಲ. ಡಿಕೆ1ರಲ್ಲಿ ಹಿಂದಕ್ಕೆ ತಿರುಗಿದರೆ ಹಿಂದಿನದು ಕಾಣುತ್ತಿತ್ತು. ಜನ ಮರುಳಾದದ್ದು ಇದಕ್ಕೆ, ಆ ಬೆರಗು ಸಾಚಾ ಆಗಿತ್ತು.

ಆದರೆ ತಲೆ ತಿರುಗಿಸಿದ ಎಷ್ಟು ಹೊತ್ತಿಗೆ ಚಿತ್ರ ತಿರುಗಬೇಕು? ಈ ಕ್ಷೇತ್ರದಲ್ಲಿ ಒಪ್ಪಿರುವ ಮಿತಿ ಸುಮಾರು 20 ಮಿಲಿಸೆಕೆಂಡ್. ಸಾಧಾರಣ ವೇಗದಲ್ಲಿ, ಸೆಕೆಂಡಿಗೆ 60 ಡಿಗ್ರಿಯಂತೆ ತಲೆ ತಿರುಗಿಸುತ್ತಿದ್ದೀರಿ ಎಂದುಕೊಳ್ಳಿ. ಚಿತ್ರ 50 ಮಿಲಿಸೆಕೆಂಡ್ ತಡವಾದರೆ ಎದುರಿನ ಗೋಡೆ ಇರಬೇಕಾದ ಜಾಗದಿಂದ 3 ಡಿಗ್ರಿ ಸರಿದು, ತಲೆ ನಿಂತ ಮೇಲೆ ತೇಲಿಕೊಂಡು ಬಂದು ಸೇರುತ್ತದೆ. ಗೋಡೆ ತೇಲುವುದನ್ನು ಕಣ್ಣು ಸಹಿಸಿದರೂ ಹೊಟ್ಟೆ ಸಹಿಸುವುದಿಲ್ಲ. ಇದಕ್ಕೆ ಸಿಕ್ಕ ಜಾಣ ಪರಿಹಾರವೇ ಟೈಮ್‌ವಾರ್ಪ್: ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ ಒಂದು) ತಯಾರಾದ ಮೇಲೂ, ಪರದೆಗೆ ಹೋಗುವ ಕೊನೆಯ ಗಳಿಗೆಯಲ್ಲಿ ಸೆನ್ಸರನ್ನು ಇನ್ನೊಮ್ಮೆ ಕೇಳಿ, ತಲೆ ಈಗ ಎಲ್ಲಿದೆಯೋ ಅಷ್ಟಕ್ಕೆ ಚಿತ್ರವನ್ನು ಸರಿಸುವುದು. ಆದರೆ ಇದು ಮುಖ್ಯವಾಗಿ ತಲೆ ತಿರುಗಿದ್ದನ್ನು ಸರಿದೂಗಿಸುತ್ತದೆ. ತಲೆ ಮುಂದೆ ಹಿಂದೆ ಸರಿದಾಗ ಹತ್ತಿರದ ವಸ್ತುಗಳು ತಡವರಿಸುವುದು ಕಣ್ಣಿಗೆ ಬೀಳುತ್ತದೆ.

ಮಸುಕಿನ ಕಾಟ ಬೇರೆಯೇ. ಡಿಕೆ1 ಪರದೆ ಸೆಕೆಂಡಿಗೆ 60 ಫ್ರೇಮ್ ತೋರಿಸುತ್ತಿತ್ತು, ಪ್ರತಿ ಫ್ರೇಮ್ ಮುಂದಿನದು ಬರುವವರೆಗೂ ಬೆಳಗುತ್ತಲೇ ಇರುತ್ತಿತ್ತು. ಆ 16.7 ಮಿಲಿಸೆಕೆಂಡ್‌ಗಳಲ್ಲಿ ತಲೆ 1 ಡಿಗ್ರಿ ಸರಿಯುವುದರಿಂದ ಚಿತ್ರ ಅಷ್ಟಗಲ ಬಳಿದುಕೊಂಡಂತೆ ಕಾಣುತ್ತಿತ್ತು. 2014ರ ಎರಡನೆಯ ಕಿಟ್ ಡಿಕೆ2ರಲ್ಲಿ, ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆ ಬಂತು. ಪ್ರತಿ ಫ್ರೇಮನ್ನು ಕೆಲವೇ ಮಿಲಿಸೆಕೆಂಡ್ ಮಿಂಚಿಸಿ, ಉಳಿದ ಹೊತ್ತು ಪರದೆಯನ್ನು ಕತ್ತಲಾಗಿಡುವ ಕ್ರಮ ಅದರೊಂದಿಗೆ ಬಂತು. ನನ್ನ ಎಣಿಕೆಯಲ್ಲಿ ಆ ಕಾಲದ ಅತಿ ದೊಡ್ಡ ಸುಧಾರಣೆ ಇದೇ, ಪಿಕ್ಸೆಲ್ ಹೆಚ್ಚಿದ್ದಲ್ಲ.

ತಲೆ ಎತ್ತ ತಿರುಗಿದೆ ಎಂದು ತಿಳಿಯುವುದು ಸುಲಭ, ಎಲ್ಲಿದೆ ಎಂದು ತಿಳಿಯುವುದು ಕಷ್ಟ. ವೇಗ ಬದಲಾವಣೆಯನ್ನು ಅಳೆಯುವ ಸೆನ್ಸರ್‌ನಿಂದ ಜಾಗವನ್ನು ಕಂಡುಹಿಡಿಯಲು ಎರಡು ಸಲ ಕೂಡುತ್ತಾ ಹೋಗಬೇಕು. ಸಣ್ಣ ತಪ್ಪೂ ಜತೆಗೇ ಬೆಳೆಯುತ್ತದೆ. ವೇಗದ ಲೆಕ್ಕ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಸೆಂಟಿಮೀಟರ್‌ನಷ್ಟು ತಪ್ಪುತ್ತಾ ಹೋದರೆ 10 ಸೆಕೆಂಡಿನಲ್ಲಿ ತಲೆ ಅರ್ಧ ಮೀಟರ್ ಆಚೆಗಿದೆ ಎಂದು ಲೆಕ್ಕ ಬರುತ್ತದೆ. ಡಿಕೆ1ರಲ್ಲಿ ಇದಕ್ಕೆ ಮದ್ದೇ ಇರಲಿಲ್ಲ. ಮುಂದಕ್ಕೆ ಬಾಗಿದರೆ ಇಡೀ ಜಗತ್ತೂ ಜತೆಗೇ ಬಾಗುತ್ತಿತ್ತು. ಡಿಕೆ2 ಮತ್ತು 2016ರ ಮಾರ್ಚ್‌ನಲ್ಲಿ ಗ್ರಾಹಕರಿಗೆ ಬಂದ ರಿಫ್ಟ್, ತಮ್ಮ ಮೈಮೇಲಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೊರಗಿನ ಕ್ಯಾಮೆರಾದಿಂದ ನೋಡುತ್ತಿದ್ದವು. ಎಚ್‌ಟಿಸಿ ವೈವ್ ಇದನ್ನು ತಿರುವುಹಾಕಿತು. ಕೋಣೆಯ ಮೂಲೆಗಳಲ್ಲಿ ಕೂರಿಸುವ ಅದರ ಎರಡು ಪುಟ್ಟ ಪೆಟ್ಟಿಗೆಗಳು, ಅಂದರೆ ಬೇಸ್ ಸ್ಟೇಷನ್‌ಗಳು, ಮೊದಲು ಇಡೀ ಕೋಣೆಗೆ ಒಮ್ಮೆ ಮಿಂಚು ಹಾಯಿಸಿ, ಆಮೇಲೆ ಸೆಕೆಂಡಿಗೆ 60 ಸುತ್ತು ತಿರುಗುವ ಲೇಸರ್ ಗೆರೆಯಿಂದ ಕೋಣೆಯನ್ನು ಗುಡಿಸುತ್ತವೆ. ಮಿಂಚಿಗೂ ಹೆಡ್‌ಸೆಟ್ ಮೇಲಿನ ಸೆನ್ಸರ್‌ಗೆ ಗೆರೆ ತಾಕಿದ್ದಕ್ಕೂ ನಡುವಿನ ಹೊತ್ತೇ ಕೋನ. ಸುಮಾರು 46 ಮೈಕ್ರೊಸೆಕೆಂಡಿಗೆ 1 ಡಿಗ್ರಿ.

ಲೆಕ್ಕ ಇಷ್ಟು ಸೂಕ್ಷ್ಮವಾದದ್ದರಿಂದಲೇ ಬೇಸ್ ಸ್ಟೇಷನ್ ಕೂರಿಸುವುದರಲ್ಲಿ ಜಾಗ್ರತೆ ಬೇಕು. ಎರಡನ್ನೂ ಎದುರುಬದುರು ಮೂಲೆಗಳಲ್ಲಿ, 2 ಮೀಟರ್‌ಗಿಂತ ಎತ್ತರದಲ್ಲಿ, 30ರಿಂದ 45 ಡಿಗ್ರಿ ಕೆಳಮುಖವಾಗಿ, ಒಂದಕ್ಕೊಂದು 5 ಮೀಟರ್ ಒಳಗೆ ಗೋಡೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಕಪಾಟಿನ ಮೇಲೆ ಸುಮ್ಮನೆ ಇಟ್ಟರೆ ಯಾರಾದರೂ ಬಾಗಿಲು ಹಾಕಿದಾಗ ಅದು ನಡುಗುತ್ತದೆ, ನಿಮ್ಮ ಜಗತ್ತೂ ನಡುಗುತ್ತದೆ. ಕೈಯಲ್ಲಿನ ಕಂಟ್ರೋಲರ್ ಇದ್ದಕ್ಕಿದ್ದಂತೆ ಎಲ್ಲೋ ಹಾರಿಹೋದರೆ ಮೊದಲು ಕೋಣೆಯ ನಿಲುವುಗನ್ನಡಿಗೆ, ಗಾಜಿನ ಬೀರು ಬಾಗಿಲಿಗೆ, ಟಿವಿಗೆ ಬಟ್ಟೆ ಮುಚ್ಚಿ ನೋಡಿ. ಪ್ರತಿಫಲಿಸಿದ ಗೆರೆ ಎರಡನೆಯ ಸಲ ಸೆನ್ಸರ್‌ಗೆ ತಾಕಿ ಲೆಕ್ಕ ಕೆಡಿಸಿರುತ್ತದೆ. ನಡೆದಾಡಿ ಆಡಲು ಕನಿಷ್ಠ 2 ಮೀಟರ್‌ಗೆ 1.5 ಮೀಟರ್ ಜಾಗ ಬೇಕು. ಮಂಚವಿರುವ ಕೋಣೆಯಲ್ಲಿ ಇಷ್ಟು ತೆರವು ಮಾಡುವುದೇ ಕಷ್ಟ.

ಇನ್ನು ಪಿಕ್ಸೆಲ್ ವಿಷಯ. 2016ರ ರಿಫ್ಟ್, ವೈವ್ ಎರಡರಲ್ಲೂ ಒಂದು ಕಣ್ಣಿಗೆ 1080×1200 ಪಿಕ್ಸೆಲ್, ಸೆಕೆಂಡಿಗೆ 90 ಫ್ರೇಮ್. ಕೇಳಲು ದೊಡ್ಡದು. ಆದರೆ ಆ 1080 ಪಿಕ್ಸೆಲ್ ಸುಮಾರು 90 ಡಿಗ್ರಿ ಅಗಲಕ್ಕೆ ಹರಡಿಕೊಂಡಾಗ ಡಿಗ್ರಿಗೆ ದಕ್ಕುವುದು 12 ಮಾತ್ರ. ಆರೋಗ್ಯವಂತ ಕಣ್ಣು ಡಿಗ್ರಿಗೆ 60ರಷ್ಟನ್ನು ಬಿಡಿಸಿ ನೋಡಬಲ್ಲದು. ಪಿಕ್ಸೆಲ್‌ಗಳ ನಡುವಿನ ಕಪ್ಪು ಸಂದು ಎದ್ದು ಕಂಡು, ಸೊಳ್ಳೆಬಲೆ ಹೊಡೆದ ಕಿಟಕಿಯಿಂದ ಹೊರಗೆ ನೋಡಿದಂತಾಗುತ್ತದೆ. ಕನ್ನಡ ಓದುವವರಿಗೆ ಇದರ ಏಟು ಇನ್ನೂ ಜೋರು. 40 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪತ್ರಿಕೆಯ 3 ಮಿಲಿಮೀಟರ್ ಅಕ್ಷರ ಕಣ್ಣಿಗೆ ಅರ್ಧ ಡಿಗ್ರಿಗಿಂತ ಕಡಿಮೆ. ಅಂದರೆ ಹೆಡ್‌ಸೆಟ್‌ನಲ್ಲಿ 5 ಪಿಕ್ಸೆಲ್ ಎತ್ತರ. ಆ 5 ಪಿಕ್ಸೆಲ್‌ಗಳಲ್ಲಿ ‘ರಾಷ್ಟ್ರ’ದ ಷಕಾರ, ಅದರ ಕೆಳಗಿನ ಟಕಾರದ ಒತ್ತು, ರಕಾರದ ಒತ್ತು ಎಲ್ಲವನ್ನೂ ಬರೆಯಲಾಗದು. ಕನ್ನಡದಲ್ಲಿ ವಿಆರ್ ಪಾಠ ಮಾಡುವವರು ಅಕ್ಷರವನ್ನು ಕನಿಷ್ಠ 2 ಡಿಗ್ರಿ ಎತ್ತರಕ್ಕೆ, ಅಂದರೆ 2 ಮೀಟರ್ ದೂರದ ಫಲಕದಲ್ಲಿ 7 ಸೆಂಟಿಮೀಟರ್‌ಗೆ ಏರಿಸಬೇಕು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಡ. ಈ ಹೆಡ್‌ಸೆಟ್‌ಗಳ ಲೆನ್ಸ್ ಮೇಲಿನ ಉಂಗುರದಂಥ ಗೀರುಗಳು ಬೆಳಕನ್ನು ಚೆದುರಿಸಿ ಅಕ್ಷರದ ಸುತ್ತ ಪ್ರಭೆ ಎಬ್ಬಿಸುತ್ತವೆ.

ಪಿಕ್ಸೆಲ್ ಹೆಚ್ಚಿಸಿದರೆ ಕಂಪ್ಯೂಟರ್ ತಾಳಬೇಕಲ್ಲ. ಉಬ್ಬಿಸುವಾಗ ನಡುಭಾಗ ಮಸುಕಾಗದಿರಲು ವೈವ್‌ಗೆ ಪ್ರತಿ ಕಣ್ಣಿಗೆ 1512×1680 ಗಾತ್ರದಲ್ಲಿ ಚಿತ್ರ ಬರೆಯಲಾಗುತ್ತಿತ್ತು. ಎರಡು ಕಣ್ಣು, 90 ಫ್ರೇಮ್ ಸೇರಿಸಿದರೆ ಸೆಕೆಂಡಿಗೆ ಸುಮಾರು 46 ಕೋಟಿ ಪಿಕ್ಸೆಲ್. 60 ಫ್ರೇಮ್‌ನ ಫುಲ್ ಎಚ್‌ಡಿ ಆಟಕ್ಕೆ ಸುಮಾರು 12 ಕೋಟಿ ಸಾಕು. ಪ್ರತಿ ಫ್ರೇಮ್‌ಗೆ ಇರುವ ಹೊತ್ತು 11 ಮಿಲಿಸೆಕೆಂಡ್. ಹಾಗಾಗಿ 599 ಡಾಲರ್‌ನ ರಿಫ್ಟ್, 799 ಡಾಲರ್‌ನ ವೈವ್ ಜತೆಗೆ ಜಿಟಿಎಕ್ಸ್ 970 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರೂ ಬೇಕಾಯಿತು. ಮನೆಮನೆಗೆ ಹೋಗದಂತೆ ತಡೆದದ್ದರಲ್ಲಿ ಈ ಖರ್ಚಿನದು ದೊಡ್ಡ ಪಾಲು.

ಅಗ್ಗದ ದಾರಿ ಫೋನ್ ಆಗಿತ್ತು. 2014ರಲ್ಲಿ ಬಂದ ಗೂಗಲ್ ಕಾರ್ಡ್‌ಬೋರ್ಡ್ ರಟ್ಟು, ಎರಡು ಲೆನ್ಸ್, ಒಂದು ಅಯಸ್ಕಾಂತದಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಅನೇಕರು ವಿಆರ್ ನೋಡಿದ್ದೇ ಇದರಲ್ಲಿ, ನಿರಾಶರಾದದ್ದೂ ಇದರಲ್ಲೇ. ಆಗ ಇಲ್ಲಿ ಮಾರಾಟವಾಗುತ್ತಿದ್ದ ಎಷ್ಟೋ ಅಗ್ಗದ ಫೋನ್‌ಗಳಲ್ಲಿ ತಿರುಗುವಿಕೆಯನ್ನು ಅಳೆಯುವ ಜೈರೊಸ್ಕೋಪ್ ಸೆನ್ಸರ್ ಇರಲಿಲ್ಲ. ಅದಿಲ್ಲದೆ ಚಿತ್ರ ಜಿಗಿಜಿಗಿದು ತಿರುಗುತ್ತದೆ, ಇಲ್ಲವೇ ತಿರುಗುವುದೇ ಇಲ್ಲ.

ಆ ಕಾಲದ ಎಷ್ಟು ಒಳ್ಳೆಯ ಹೆಡ್‌ಸೆಟ್ ಆದರೂ ಮೀರಲಾಗದ ಒಂದು ಮಿತಿ ಲೆನ್ಸಿನಲ್ಲೇ ಇದೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಮುಖವಾಗಿ ತಿರುಗುತ್ತವೆ, ಜತೆಗೆ ಕಣ್ಣಿನೊಳಗಿನ ಮಸೂರ ಹತ್ತಿರಕ್ಕೆ ಫೋಕಸ್ ಆಗುತ್ತದೆ. ಈ ಹೆಡ್‌ಸೆಟ್‌ಗಳಲ್ಲಿ ಫೋಕಸ್ ದೂರ ಒಂದೇ, ಬದಲಾಗುವುದಿಲ್ಲ. ಮೂಗಿನ ಹತ್ತಿರ ಹಿಡಿದ ವಸ್ತುವಿಗೆ ಕಣ್ಣು ತಿರುಗುತ್ತದೆ, ಫೋಕಸ್ ಮಾತ್ರ ದೂರದಲ್ಲೇ ನಿಲ್ಲಬೇಕು. ಹೀಗೇ ನೋಡುತ್ತಿದ್ದರೆ ಕಣ್ಣು ದಣಿದು ನೋವು ಶುರುವಾಗಬಹುದು. ವಸ್ತುಗಳನ್ನು ಮುಕ್ಕಾಲು ಮೀಟರ್‌ಗಿಂತ ಹತ್ತಿರ ತರಬೇಡಿ ಎಂದು ಡೆವಲಪರ್‌ಗಳಿಗೆ ಹೇಳುವುದು ಇದಕ್ಕೇ.

ಹಳೆಯ ಹೆಡ್‌ಸೆಟ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಪೂರ್ತಿ ಬಿಳಿ ಚಿತ್ರ ಹಾಕಿ ನೋಡಿ. ಕಂದು ಚುಕ್ಕೆಯೋ ಗೆರೆಯೋ ಕಂಡರೆ ಅದನ್ನು ಯಾರೋ ಬಿಸಿಲಿನಲ್ಲಿ ಲೆನ್ಸ್ ಮೇಲಾಗಿ ಇಟ್ಟಿದ್ದಾರೆ ಎಂದರ್ಥ. ಲೆನ್ಸ್ ಸೂರ್ಯನನ್ನು ಪರದೆಯ ಮೇಲೆ ಕೂಡಿಸಿ ಸುಟ್ಟಿರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಲೆನ್ಸನ್ನು ಒಣ ಮೈಕ್ರೊಫೈಬರ್ ಬಟ್ಟೆಯಿಂದ ಮಾತ್ರ ಒರೆಸಿ, ಸ್ಪಿರಿಟ್ ಹಾಕಬೇಡಿ.

ಆಮೇಲೆ ಕಣ್ಣುಗಳ ನಡುವಿನ ಅಂತರ ಅಳೆದುಕೊಳ್ಳಿ. ಕನ್ನಡಿಯಿಂದ 20 ಸೆಂಟಿಮೀಟರ್ ದೂರ ನಿಂತು ಹುಬ್ಬಿನ ಮೇಲೆ ಸ್ಕೇಲ್ ಹಿಡಿಯಿರಿ. ಬಲಗಣ್ಣು ಮುಚ್ಚಿ ಸೊನ್ನೆಯನ್ನು ಎಡಗಣ್ಣಿನ ಪಾಪೆಯ ನಡುವಿಗೆ ತನ್ನಿ. ತಲೆಯನ್ನೂ ಸ್ಕೇಲನ್ನೂ ಅಲುಗಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಪಾಪೆಯ ನೇರಕ್ಕಿರುವ ಅಂಕಿ ಓದಿ. ಮೂರು ಸಲ ಅಳೆಯಿರಿ. ದೊಡ್ಡವರಿಗೆ ಸರಾಸರಿ 63 ಮಿಲಿಮೀಟರ್ ಆಸುಪಾಸು ಬರುತ್ತದೆ. ರಿಫ್ಟ್‌ನ ಕೆಳಗಿನ ಗುಂಡಿಯನ್ನೋ ವೈವ್‌ನ ಪಕ್ಕದ ತಿರುಪನ್ನೋ ಆ ಅಂಕಿಗೆ ಸರಿಹೊಂದಿಸಿ. ಪಟ್ಟಿಯನ್ನು ಹಿಂದಲೆಯ ತಗ್ಗಿಗೆ ಕೂರಿಸಿ, ಹೆಡ್‌ಸೆಟ್ಟನ್ನು ಮೇಲೆ ಕೆಳಗೆ ಕೂದಲೆಳೆಯಷ್ಟೇ ಸರಿಸುತ್ತಾ ಅಕ್ಷರ ತಿಳಿಯಾಗುವ ಜಾಗ ಹುಡುಕಿ. ಪಟ್ಟಿ ಬಿಗಿಯುವುದು ಅದಾದ ಮೇಲೆ.

ಮೊದಲ ದಿನ 10 ನಿಮಿಷ ಸಾಕು. ನಿಂತಲ್ಲೇ ಆಡುವ ಆಟದಿಂದ ಶುರು ಮಾಡಿ, ಸ್ಟಿಕ್ ಒತ್ತಿ ಓಡುವ ಆಟ ಬೇಡ. ಹಣೆಯಲ್ಲಿ ತಣ್ಣನೆಯ ಬೆವರು ಮೂಡಿದರೆ, ಬಾಯಲ್ಲಿ ನೀರೂರಿದರೆ ಆ ಕ್ಷಣವೇ ತೆಗೆದು ಕೂತುಕೊಳ್ಳಿ. ತಡೆದುಕೊಂಡು ಆಡಿದರೆ ವಾಕರಿಕೆ ಗಂಟೆಗಟ್ಟಲೆ ಬಿಡುವುದಿಲ್ಲ. ತಲೆ ಪೂರ್ತಿ ತಿಳಿಯಾಗುವವರೆಗೆ ಸ್ಕೂಟರ್ ಕೀ ಮುಟ್ಟಬೇಡಿ.