ಮದುವೆ ಕ್ಯಾಸೆಟ್ಟಿಗೆ ಫೋರ್‌ಕೆ ಯಾಕೆ?

ಮಲೆನಾಡಿನಲ್ಲಿ ಮದುವೆಯ ವಿಡಿಯೊ ಕ್ಯಾಸೆಟ್ ಇಲ್ಲದ ಹಳೇ ಮನೆ ಕಡಿಮೆ. ಅದನ್ನು ಪೆನ್‌ಡ್ರೈವಿಗೆ ಹಾಕಿಸಲು ಶಿವಮೊಗ್ಗಕ್ಕೆ ತಂದವರು ಮೊದಲು ಕೇಳುವುದು ಒಂದೇ ಮಾತು: ‘ಫೋರ್‌ಕೆ ಮಾಡಿಕೊಡ್ತೀರಾ?’ ಫೋರ್‌ಕೆ ಅಂದರೆ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆಯ ಚಿತ್ರ. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ಕೇಳಬೇಕಾದದ್ದು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಫೈಲಿನಲ್ಲಿ ಬರೆಯುವ ಮಾಹಿತಿ, ಎಷ್ಟು ಅಂತ.

1976ರಲ್ಲಿ ಜಪಾನಿನ ಜೆವಿಸಿ ತಂದ ವಿಎಚ್‌ಎಸ್ ಪದ್ಧತಿಯ ಈ ಟೇಪಿನಲ್ಲಿ ಪಿಕ್ಸೆಲ್ಲೇ (ಚಿತ್ರದ ಚುಕ್ಕೆ) ಇಲ್ಲ. ಚಿತ್ರ ಗೆರೆಗೆರೆಯಾಗಿ, ಏರಿಳಿಯುವ ಅಲೆಯಾಗಿ ಕೂತಿರುತ್ತದೆ. 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂದಾಗ ನಮ್ಮ ದೇಶ ಹಿಡಿದದ್ದು ಪಾಲ್ ಪದ್ಧತಿ. ಅದರಲ್ಲಿ ಚಿತ್ರಕ್ಕೆ 625 ಗೆರೆ, ಕಣ್ಣಿಗೆ ಕಾಣುವುದು 576. ಒಂದು ಗೆರೆಯಲ್ಲಿ ಚಿತ್ರ ಇರುವುದು 52 ಮೈಕ್ರೋಸೆಕೆಂಡ್. ವಿಎಚ್‌ಎಸ್ ಹಿಡಿದಿಡುವುದು ಸೆಕೆಂಡಿಗೆ ಸುಮಾರು 30 ಲಕ್ಷ ಏರಿಳಿತ. ಗುಣಿಸಿ ನೋಡಿ, ಗೆರೆಗೆ 156 ಏರಿಳಿತ ಬಂತು. ಒಂದು ಏರಿಳಿತಕ್ಕೆ ಒಂದು ಬಿಳಿ, ಒಂದು ಕಪ್ಪು. ಅಡ್ಡಕ್ಕೆ ಹೆಚ್ಚುಕಮ್ಮಿ 312 ಚುಕ್ಕೆಯಷ್ಟು ವಿವರ, ಅಷ್ಟೇ! ಬಣ್ಣದ ವಿವರ ಇನ್ನೂ ಕಡಿಮೆ. ಧಾರೆ ಸೀರೆಯ ಕೆಂಪು ಪಕ್ಕದ ಬಿಳಿ ಪಂಚೆಗೆ ಹರಿದಂತೆ ಕಾಣುವುದು ಅದಕ್ಕೇ. ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಯ ಫೈಲು (720×576) ಧಾರಾಳವಾಗಿ ಸಾಕು. ಮಜ್ಜಿಗೆಗೆ ನೀರು ಸೇರಿಸಿದರೆ ಪಾತ್ರೆ ತುಂಬೀತು, ಬೆಣ್ಣೆ ಜಾಸ್ತಿಯಾಗಲ್ಲ, ಅಲ್ವಾ?

ಬಿಟ್‌ರೇಟಿನ ಕತೆಯೇ ಬೇರೆ. ಈಗಿನ ವಿಡಿಯೊ ಫೈಲು ಪ್ರತಿ ಚಿತ್ರವನ್ನೂ ಪೂರ್ತಿ ಬರೆದುಕೊಳ್ಳುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನಷ್ಟೇ ಬರೆಯುತ್ತದೆ. ಆದರೆ ಹಳೇ ಟೇಪಿನಲ್ಲಿ ಸುಮ್ನೆ ನಿಂತ ಚಪ್ಪರದ ಕಂಬದ ಮೇಲೂ ಕಾಳುಕಾಳು ಕುಣಿಯುತ್ತಿರುತ್ತದೆ. ಆ ಕಾಳು ಪ್ರತಿ ಚಿತ್ರದಲ್ಲೂ ಹೊಸದು, ಊಹಿಸಲು ಬರುವುದಿಲ್ಲ. ಬಿಟ್‌ಗಳನ್ನು ಅದೇ ನುಂಗುತ್ತದೆ. ಅಕ್ಷತೆ ಹಾಕುವ ಹೊತ್ತನ್ನೇ ನೋಡಿ. ನೂರು ಕೈಯಿಂದ ಅಕ್ಕಿ ಹಾರುತ್ತದೆ, ಒಂದೊಂದು ಕಾಳಿಗೂ ಒಂದೊಂದು ದಾರಿ. ಬಿಟ್‌ರೇಟ್ 1 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಲಕ್ಷ ಬಿಟ್) ಇಟ್ಟರೆ ಅಲ್ಲಿ ಚೌಕಚೌಕವಾಗಿ ಒಡೆದು, ವಧುವರರ ಮುಖವೂ ಅದರೊಳಗೆ ಕರಗುತ್ತದೆ. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ವಿಡಿಯೊ ಕುಗ್ಗಿಸುವ ಎಚ್.264 ಪದ್ಧತಿಯಲ್ಲಿ 8 ಎಂಬಿಪಿಎಸ್ ಇಡಿ. ಗಂಟೆಗೆ 3.6 ಜಿಬಿ, ಮೂರು ಗಂಟೆಯ ಕ್ಯಾಸೆಟ್ಟಿಗೆ 11 ಜಿಬಿಯೂ ಆಗದು. ಅಷ್ಟಕ್ಕೆ ಜಿಪುಣತನ ಯಾಕೆ?

ನಮ್ಮ ಕಡೆಯ ಮಳೆಗಾಲ ಕಂಡ ಟೇಪಾದರೆ ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಶುಚಿ ಮಾಡಿಸದೆ ವಿಸಿಆರ್‌ಗೆ ಹಾಕಬೇಡಿ, ಟೇಪ್ ಓದುವ ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

ಇನ್ನೊಂದು ವಿಷಯ. ಪಾಲ್ ಚಿತ್ರ ಸೆಕೆಂಡಿಗೆ 50 ಅರೆಚಿತ್ರಗಳಾಗಿ ಬರುತ್ತದೆ, ಒಮ್ಮೆ ಬೆಸ ಗೆರೆಗಳು, ಒಮ್ಮೆ ಸರಿ ಗೆರೆಗಳು. ಅವನ್ನು 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಹೋಯಿತು. 50 ಫ್ರೇಮಿನಲ್ಲೇ ಕೊಡಿ ಅಂತ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿ.