ರಕ್ತದೊತ್ತಡದ ನೀರುಗಂಟಿ

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪನ್ನು ಒಟ್ಟುಮಾಡಿ ತೂಗಿದರೆ ಹತ್ತಿರಹತ್ತಿರ ಒಂದೂವರೆ ಕಿಲೋ ಆಗುತ್ತದೆ. ಆದರೆ ಮೂತ್ರದಲ್ಲಿ ಹೊರಹೋಗುವುದು ನಾವು ತಿಂದಷ್ಟು ಉಪ್ಪು ಮಾತ್ರ, ಎಂಟು ಹತ್ತು ಗ್ರಾಂ. ಉಳಿದದ್ದೆಲ್ಲ, ಅಂದರೆ ಶೇಕಡಾ 99ಕ್ಕೂ ಹೆಚ್ಚು, ಮರಳಿ ರಕ್ತಕ್ಕೆ ಸೇರುತ್ತದೆ. ಈ ಲೆಕ್ಕದಲ್ಲಿ ಶೇಕಡಾ ಅರ್ಧದಷ್ಟು ತಪ್ಪಿದರೂ ಏಳು ಗ್ರಾಂ ಉಪ್ಪಿನ ವ್ಯತ್ಯಾಸವಾಗುತ್ತದೆ. ಒಂಬತ್ತು ಗ್ರಾಂ ಉಪ್ಪು ಮೈಯಲ್ಲಿ ಉಳಿದರೆ ಅದರ ಜೊತೆ ಒಂದು ಲೀಟರ್ ನೀರೂ ಉಳಿಯುತ್ತದೆ. ರಕ್ತದೊತ್ತಡದ ಕಥೆ ಶುರುವಾಗುವುದು ಈ ಲೆಕ್ಕಪತ್ರದಲ್ಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬಿಪಿ ಎಂದರೆ ಮನಸ್ಸಿನ ಕಾಯಿಲೆ, ಕೋಪಿಷ್ಠರಿಗೂ ಚಿಂತೆ ಮಾಡುವವರಿಗೂ ಬರುವಂಥದ್ದು ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿ ಕೂತಿದೆ. ಸಿಟ್ಟು ಬಂದಾಗ ಒತ್ತಡ ಏರುವುದು ನಿಜ. ಆದರೆ ಸಿಟ್ಟು ಇಳಿದ ಮೇಲೆ ಅದೂ ಇಳಿಯುತ್ತದೆ. ವರ್ಷಗಟ್ಟಲೆ ಏರಿದಲ್ಲೇ ನಿಲ್ಲಬೇಕಾದರೆ ಮೂತ್ರಪಿಂಡದ ಸಮ್ಮತಿ ಬೇಕು. ಒತ್ತಡ ಹೆಚ್ಚಾದಾಗ ಆರೋಗ್ಯವಂತ ಮೂತ್ರಪಿಂಡ ಹೆಚ್ಚು ಉಪ್ಪುನೀರನ್ನು ಹೊರಹಾಕಿ ಅದನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಆರ್ಥರ್ ಗಾಯ್ಟನ್ ಎಂಬ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಜೀವಮಾನವಿಡೀ ವಾದಿಸಿದ್ದು ಇದನ್ನೇ. ನರಗಳಿಗೂ ರಕ್ತನಾಳಗಳಿಗೂ ಪಾಲಿಲ್ಲವೆಂದಲ್ಲ. ಕೊನೆಯ ಸಹಿ ಮಾತ್ರ ಮೂತ್ರಪಿಂಡದ್ದು.

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ಒಬ್ಬೊಬ್ಬ ನೀರುಗಂಟಿ ಇರುತ್ತಿದ್ದ. ನೀರಿನ ಮಟ್ಟ ನೋಡಿ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಮೂತ್ರಪಿಂಡದ ಪ್ರತಿ ಸೋಸುಗದ ಬಾಯಲ್ಲಿ, ರಕ್ತ ಒಳಬರುವ ಕಿರುನಾಳದ ಗೋಡೆಯಲ್ಲಿ, ಅಂಥ ನೀರುಗಂಟಿಯ ಹಾಗೆ ಕೆಲಸ ಮಾಡುವ ಕೋಶಗಳಿವೆ. ಅಲ್ಲಿಗೆ ಬರುವ ಒತ್ತಡ ತಗ್ಗಿತೆಂದರೆ ಅವು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತವೆ. ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೈಗರ್‌ಸ್ಟೆಡ್ ತಮ್ಮ ಸಹಾಯಕ ಬರ್ಗ್‌ಮನ್ ಜೊತೆ ಮೊಲದ ಮೂತ್ರಪಿಂಡದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಒತ್ತಡ ಏರುವುದನ್ನು 1898ರಲ್ಲೇ ತೋರಿಸಿದ್ದರು. ಯಾರೂ ಕಿವಿಗೊಡಲಿಲ್ಲ. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಗೆ ಬೆಳ್ಳಿಯ ಚಿಮಟ ಹಾಕಿ ಬಿಗಿದಾಗ ವಿಷಯ ಮತ್ತೆ ಎದ್ದಿತು. ನಾಯಿಯ ಹೃದಯಕ್ಕೆ ಏನೂ ಆಗಿರಲಿಲ್ಲ, ಆದರೂ ಇಡೀ ದೇಹದ ಒತ್ತಡ ಏರಿತ್ತು. ತೂಬಿನ ಬಾಯಿಗೆ ಹೂಳು ಕಟ್ಟಿದ್ದನ್ನು ಅರಿಯದ ನೀರುಗಂಟಿ, ಕೆರೆಯೇ ಬತ್ತಿದೆಯೆಂದು ಹೊರಹರಿವನ್ನೆಲ್ಲ ನಿಲ್ಲಿಸಿದಂತೆ.

ರೆನಿನ್ ತಾನಾಗಿ ಒತ್ತಡ ಏರಿಸುವುದಿಲ್ಲ. ಯಕೃತ್ತು ತಯಾರಿಸುವ ಒಂದು ಉದ್ದನೆಯ ಪ್ರೋಟೀನಿನಿಂದ ಅದು ತುಣುಕೊಂದನ್ನು ಕತ್ತರಿಸುತ್ತದೆ. ಆ ತುಣುಕು ಸಾಧು. ರಕ್ತದೊಂದಿಗೆ ಶ್ವಾಸಕೋಶಗಳನ್ನು ಹಾಯುವಾಗ ಎಸಿಇ ಎಂಬ ಇನ್ನೊಂದು ಕಿಣ್ವ ಅದರ ತುದಿಯನ್ನು ಚಿವುಟುತ್ತದೆ. ಹುಟ್ಟುವುದು ಆಂಜಿಯೋಟೆನ್ಸಿನ್-2, ಇದು ಸಾಧುವಲ್ಲ. ಕಿರು ಅಪಧಮನಿಗಳನ್ನು ಇದು ಹಿಂಡುತ್ತದೆ. ಹಿಂಡುವುದರ ಗಣಿತ ಭಯಂಕರ: ನಾಳದ ತ್ರಿಜ್ಯ ಹತ್ತರಲ್ಲಿ ಒಂದು ಪಾಲು ಕಿರಿದಾದರೆ ಹರಿವಿಗೆ ಅಡ್ಡಿ ಹತ್ತು ಶೇಕಡಾ ಏರುವುದಿಲ್ಲ, ಐವತ್ತು ಶೇಕಡಾಕ್ಕೂ ಹೆಚ್ಚು ಏರುತ್ತದೆ, ಏಕೆಂದರೆ ಅಡ್ಡಿ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಜೊತೆಗೆ ಇದೇ ಆಂಜಿಯೋಟೆನ್ಸಿನ್ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಹೊರಡಿಸಿ, ಒಂದು ಹರಳು ಉಪ್ಪನ್ನೂ ಬಿಡಬೇಡವೆಂದು ಮೂತ್ರಪಿಂಡಕ್ಕೆ ಅಪ್ಪಣೆ ಕೊಡಿಸುತ್ತದೆ.

ಇಷ್ಟು ಜಿಪುಣತನ ಏಕೆ? ನಮ್ಮ ದೇಹ ರೂಪುಗೊಂಡದ್ದು ಉಪ್ಪು ಸಿಗದ ಲೋಕದಲ್ಲಿ. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನ 32 ದೇಶಗಳ 52 ಜನಸಮೂಹಗಳಲ್ಲಿ ಉಪ್ಪು ಮತ್ತು ಒತ್ತಡವನ್ನು ಅಳೆಯಿತು. ಅಡುಗೆಗೆ ಉಪ್ಪು ಬಳಸದ ಅಮೆಜಾನ್ ಕಾಡಿನ ಯನೊಮಾಮಿ ಜನರ ಸರಾಸರಿ ಒತ್ತಡ ಸುಮಾರು 95/61. ಅವರಲ್ಲಿ ವಯಸ್ಸಾದಂತೆ ಅದು ಏರುವುದೂ ಇಲ್ಲ. ‘ವಯಸ್ಸಾಯಿತಲ್ಲ, ಬಿಪಿ ಸ್ವಲ್ಪ ಇರಬೇಕಾದ್ದೇ’ ಎಂಬ ಸಮಾಧಾನದ ಮಾತು ಆ ಕಾಡಿನಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಭಾರತೀಯರು ತಿನ್ನುವುದು 8ರಿಂದ 11 ಗ್ರಾಂ ಎಂದು ಅಂದಾಜು. ನಮ್ಮಲ್ಲಿ ಅದು ಬರುವುದು ಬಹುಪಾಲು ಮನೆಯ ಅಡುಗೆಯಿಂದಲೇ: ಸಾರಿನ ಮೇಲೆ ಹಪ್ಪಳ, ಹಪ್ಪಳದ ಪಕ್ಕ ಉಪ್ಪಿನಕಾಯಿ, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ.

ಹಿಂದೆ ಒತ್ತಡ ಇಳಿಸಬೇಕೆಂಬುದರಲ್ಲಿ ವೈದ್ಯರಿಗೇ ನಂಬಿಕೆ ಇರಲಿಲ್ಲ. ಗಡುಸಾದ ನಾಳಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಮುಟ್ಟಬಾರದು ಎನ್ನುವವರು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚಿನಲ್ಲಿ ಹೃದ್ರೋಗತಜ್ಞರು ಪರೀಕ್ಷಿಸಿದಾಗ ಒತ್ತಡ 186/108. ಕೊಡಲು ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ರೂಸ್‌ವೆಲ್ಟ್ ತೀರಿಕೊಂಡರು. ಅಂದಿನ ಅಳತೆ 300/190. ಇಂದು ಬೀದಿಬದಿಯ ಔಷಧ ಅಂಗಡಿಯಲ್ಲಿ ಸಿಗುವ ಮಾತ್ರೆ ಜಗತ್ತಿನ ಅತ್ಯಂತ ಬಲಿಷ್ಠ ವ್ಯಕ್ತಿಗೆ ಸಿಗಲಿಲ್ಲ.

ಅದೇ ಕಾಲದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ತಮ್ಮ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಇಷ್ಟನ್ನೇ ತಿನ್ನಿಸುತ್ತಿದ್ದರು. ಹಲವರ ಒತ್ತಡ ಬಿದ್ದೇ ಬಿತ್ತು. ಅನ್ನದ ಮಹಿಮೆ ಎಂದು ನಾವು ಬೀಗಬೇಕಾಗಿಲ್ಲ. ಆ ಊಟದಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಆದರೆ ಅಂಥ ಊಟವನ್ನು ತಿಂಗಳುಗಟ್ಟಲೆ ತಿನ್ನುವವರಾರು?

ಹಾದಿ ತೋರಿಸಿದ್ದು ಒಂದು ಹಾವು. ಬ್ರೆಜಿಲ್‌ನ ಜರರಾಕ ಎಂಬ ಮಂಡಲಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ವಿಷದಲ್ಲಿರುವ ಒಂದು ಅಂಶವನ್ನು 1965ರಲ್ಲಿ ವರದಿ ಮಾಡಿದ ಸೆರ್ಜಿಯೊ ಫೆರೇರಾ, ಅದನ್ನು ಲಂಡನ್ನಿಗೆ, ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಶ್ವಾಸಕೋಶದಲ್ಲಿ ತುದಿ ಚಿವುಟುವ ಎಸಿಇಯನ್ನು ಅದು ಕಟ್ಟಿಹಾಕುತ್ತದೆಂದು ಅಲ್ಲಿ ತಿಳಿಯಿತು. ವಿಷದ ಅಂಶ ಚುಚ್ಚುಮದ್ದಾಗಿ ಮಾತ್ರ ಕೆಲಸ ಮಾಡುತ್ತಿತ್ತು. ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಆ ಕಿಣ್ವದ ಆಕಾರವನ್ನು ಊಹಿಸಿ, ಅದರ ಬಾಯಿಗೆ ಸರಿಯಾಗಿ ಕೂರುವ ಪುಟ್ಟ ಅಣುವನ್ನು ರಚಿಸಿದರು. ಅದೇ ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಗುಂಪಿನ ಮಾತ್ರೆಗಳು ಕೆಲವರಿಗೆ ಬಿಡದ ಒಣಕೆಮ್ಮು ತರುತ್ತವೆ, ಏಕೆಂದರೆ ಎಸಿಇ ಬ್ರಾಡಿಕೈನಿನ್ ಎಂಬ ಇನ್ನೊಂದು ಪದಾರ್ಥವನ್ನೂ ಒಡೆಯಬೇಕು; ಕಟ್ಟಿಹಾಕಿದರೆ ಅದು ಉಳಿಯುತ್ತದೆ. ಎಸಿಇಯನ್ನು ಮುಟ್ಟದೆ, ಆಂಜಿಯೋಟೆನ್ಸಿನ್ ಬಂದು ಕೂರುವ ಗ್ರಾಹಿಯನ್ನು ಮುಚ್ಚುವ ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಆಮೇಲೆ ಬಂದವು. ಟೆಲ್ಮಿಸಾರ್ಟಾನ್ ನಮ್ಮ ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿದೆ.

ಈಗ ‘ಪಥ್ಯ ಸಾಕು, ಮಾತ್ರೆ ಬೇಡ’ ಎನ್ನುವವರಿಗೂ ‘ಮಾತ್ರೆ ಇದೆಯಲ್ಲ, ಉಪ್ಪಿನಕಾಯಿ ಇರಲಿ’ ಎನ್ನುವವರಿಗೂ ಒಟ್ಟಿಗೇ ಉತ್ತರ ಕೊಡಬಹುದು. ಉಪ್ಪು ಕಡಿಮೆ ಮಾಡಿದೊಡನೆ ನೀರುಗಂಟಿ ಗಾಬರಿಗೊಂಡು ರೆನಿನ್ ಹೆಚ್ಚಿಸುತ್ತಾನೆ. ಪಥ್ಯದ ಲಾಭದ ಒಂದು ಪಾಲನ್ನು ಅವನೇ ಕಿತ್ತುಕೊಳ್ಳುತ್ತಾನೆ. ಆ ಗಾಬರಿಯ ಕೂಗು ಮುಂದಕ್ಕೆ ಮುಟ್ಟದಂತೆ ತಡೆಯುವುದು ಟೆಲ್ಮಿಸಾರ್ಟಾನಿನ ಕೆಲಸ. ಉಪ್ಪು ಧಾರಾಳವಾಗಿದ್ದರೆ ಅವನು ಕೂಗುವುದೇ ಇಲ್ಲ, ಮಾತ್ರೆಗೆ ತಡೆಯಲು ಹೆಚ್ಚೇನೂ ಇರುವುದಿಲ್ಲ. ಉಪ್ಪು ತಗ್ಗಿಸಿದವನಲ್ಲಿ ಅದೇ ಮಾತ್ರೆ ಹೆಚ್ಚು ಇಳಿಸುತ್ತದೆ. ಉಪ್ಪನ್ನು ಮೂತ್ರದಲ್ಲಿ ಹರಿಯಬಿಡುವ ಥಯಾಜೈಡ್ ಮಾತ್ರೆಯನ್ನು ಇದರ ಜೊತೆ ಸೇರಿಸುವುದೂ ಇದೇ ತರ್ಕದಿಂದ. ಆಮ್ಲೋಡಿಪಿನ್‌ನ ದಾರಿ ಬೇರೆ; ಅದು ನಾಳದ ಸ್ನಾಯುವನ್ನು ನೇರವಾಗಿ ಸಡಿಲಿಸುತ್ತದೆ, ಕೆಲವರ ಪಾದ ಊದಿಸುತ್ತದೆ. ಯಾವುದನ್ನು ತೆಗೆದುಕೊಂಡರೂ ಅಳತೆ 120/80 ಬಂದಿತೆಂದು ನಿಲ್ಲಿಸುವುದು ಶುದ್ಧ ಅವಿವೇಕ. ಆ ಅಂಕಿ ಬಂದದ್ದು ಮಾತ್ರೆಯಿಂದ. ಡೋಸ್ ಇಳಿಸಬಹುದೇ ಎಂಬುದನ್ನು ವೈದ್ಯರೇ ನೋಡಬೇಕು.

ಮೊಬೈಲಿನಲ್ಲಿ ಹರಿದಾಡುವ ಸಲಹೆಗಳ ಕಥೆ ಬೇರೆಯೇ. ಸೈಂಧವ ಲವಣ ಬಿಪಿಗೆ ಒಳ್ಳೆಯದಂತೆ! ಅದರಲ್ಲೂ ಶೇಕಡಾ 95ಕ್ಕಿಂತ ಹೆಚ್ಚು ಇರುವುದು ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣಕ್ಕೆ ಮೂತ್ರಪಿಂಡ ಮರುಳಾಗುವುದಿಲ್ಲ. ಕಷಾಯದಲ್ಲಿ ಅಡ್ಡಪರಿಣಾಮವಿಲ್ಲವೆನ್ನುವವರು ಜ್ಯೇಷ್ಠಮಧುವನ್ನು ನೆನೆಯಲಿ. ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಕಾರ್ಟಿಸಾಲ್ ಆಲ್ಡೋಸ್ಟಿರೋನಿನ ವೇಷ ಹಾಕಿ ಉಪ್ಪು ಕೂಡಿಡುತ್ತದೆ, ದಿನವೂ ಕುಡಿದರೆ ಒತ್ತಡ ಏರುತ್ತದೆ. ಗಿಡಮೂಲಿಕೆಗೆ ಶಕ್ತಿಯಿಲ್ಲವೆಂದು ನಾನು ಹೇಳುತ್ತಿಲ್ಲ. ಸರ್ಪಗಂಧದಿಂದ ಒತ್ತಡ ಇಳಿಯುತ್ತದೆಂದು ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದಾಗ ಪಶ್ಚಿಮದ ವೈದ್ಯರು ಕಣ್ಣರಳಿಸಿದರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಜಗತ್ತಿನಾದ್ಯಂತ ಬಳಕೆಯಾಯಿತು. ಕೆಲವು ರೋಗಿಗಳು ಖಿನ್ನತೆಗೆ ಜಾರಿದ ವರದಿಗಳು ಬಂದು ಹಿಂದೆ ಸರಿಯಿತು. ಇನ್ನು ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಉಪ್ಪು ಹಿಡಿದಿಟ್ಟು ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ. ಬಿಪಿ ಇಳಿಯುತ್ತಿಲ್ಲವೆಂದು ದೂರುವಾಗ ಈ ಸಂಗತಿಯನ್ನು ವೈದ್ಯರಿಗೆ ಹೇಳುವವರು ಕಡಿಮೆ.

ಉಪ್ಪು ತಗ್ಗಿಸುವುದರ ಇನ್ನೊಂದು ಮಗ್ಗುಲು ಪೊಟ್ಯಾಸಿಯಂ. ಸೊಪ್ಪು, ಬೇಳೆಕಾಳು, ಬಾಳೆಹಣ್ಣು, ಎಳನೀರಿನಿಂದ ಅದು ಸಿಕ್ಕಾಗ, ಥಯಾಜೈಡ್ ಮಾತ್ರೆ ತಡೆಯುವ, ಉಪ್ಪು ರಕ್ತಕ್ಕೆ ಮರಳುವ ಬಾಗಿಲನ್ನೇ ಮೂತ್ರಪಿಂಡ ತಾನಾಗಿ ಅರ್ಧ ಮುಚ್ಚುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಅರ್ಧದಷ್ಟು ಹಳ್ಳಿಗಳಿಗೆ ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. 2021ರಲ್ಲಿ ಬಂದ ಫಲಿತಾಂಶದಂತೆ ಅಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಗಿತ್ತು. ಇಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ದೊರೆಯುತ್ತದೆ. ಆದರೆ ಮೂತ್ರಪಿಂಡ ದುರ್ಬಲವಾಗಿರುವವರು ಇದನ್ನು ಮುಟ್ಟಬಾರದು. ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವುದರಿಂದ ಅವನ್ನು ನುಂಗುವವರು ಮೊದಲು ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಬೇಕು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಲಯವೇ ತಪ್ಪುತ್ತದೆ.